ಶಿಲೆಯಲ್ಲಿ ಉಳಿದ ಚರಿತ್ರೆಯೂ ನಮ್ಮ ಶಾಲೆಗಳೂ

ರಾಷ್ಟ್ರೀಯ ಶಿಕ್ಷಣ ಸಂಶೋಧನೆ ಮತ್ತು ತರಬೇತಿ ಮಂಡಳಿಯವರು 2023ರಲ್ಲಿ ಹೊರತಂದ ಹತ್ತನೆಯ ತರಗತಿಯ ವಿಜ್ಞಾನ ಪುಸ್ತಕದಲ್ಲಿ, ಹಿಂದೆ 'ಅನುವಂಶೀಯತೆ ಮತ್ತು ಜೀವವಿಕಾಸ' ಎಂದಿದ್ದ ಅಧ್ಯಾಯವು ಬರಿಯ 'ಅನುವಂಶೀಯತೆ'ಯಾಗಿ ಉಳಿಯಿತು. ವಿಕಾಸದ ಭಾಗದೊಡನೆ ಪಳೆಯುಳಿಕೆಗಳ ವಿಚಾರವೂ ಪುಸ್ತಕದಿಂದ ಹೊರಟುಹೋಯಿತು. ಮಹಾವ್ಯಾಧಿಯ ಕಾಲದಲ್ಲಿ ಶಾಲೆಗಳು ಮುಚ್ಚಿದ್ದುದರಿಂದ ವಿದ್ಯಾರ್ಥಿಗಳ ಹೊರೆಯನ್ನು ಇಳಿಸಬೇಕಾಯಿತೆಂದೂ, ಹನ್ನೆರಡನೆಯ ತರಗತಿಯಲ್ಲಿ ಈ ವಿಷಯವು ಇದ್ದೇ ಇದೆಯೆಂದೂ ಸಮಾಧಾನ ಹೇಳಲಾಯಿತು. 1,800ಕ್ಕೂ ಹೆಚ್ಚು ವಿಜ್ಞಾನಿಗಳೂ ಅಧ್ಯಾಪಕರೂ ಬಹಿರಂಗ ಪತ್ರಕ್ಕೆ ಸಹಿಮಾಡಿ ಇದನ್ನು ಪ್ರತಿಭಟಿಸಿದರು. ಅವರ ಪ್ರತಿಭಟನೆಯು ನ್ಯಾಯವಾದುದೆಂದು ನಾವು ಭಾವಿಸುತ್ತೇವೆ.

ಮಕ್ಕಳ ಹೊರೆಯನ್ನು ಇಳಿಸಬಾರದೆಂದು ಯಾರೂ ಹೇಳುವುದಿಲ್ಲ. ಆದರೆ ಹನ್ನೆರಡನೆಯ ತರಗತಿಯಲ್ಲಿ ಜೀವಶಾಸ್ತ್ರವನ್ನು ಆರಿಸಿಕೊಳ್ಳುವವರು ಎಲ್ಲ ವಿದ್ಯಾರ್ಥಿಗಳಲ್ಲ. ಹತ್ತನೆಯ ತರಗತಿ ಮುಗಿದೊಡನೆ ವಾಣಿಜ್ಯಕ್ಕೋ, ಕಲಾವಿಭಾಗಕ್ಕೋ, ಹೊಲಮನೆಯ ಕೆಲಸಕ್ಕೋ ತೆರಳುವ ಹುಡುಗ ಹುಡುಗಿಯರೂ ಈ ದೇಶದ ಪ್ರಜೆಗಳೇ. ನಾಳೆ ಪಂಚಾಯತಿಯಲ್ಲಿ ಕುಳಿತುಕೊಳ್ಳುವವರೂ, ಕಚೇರಿಗಳಲ್ಲಿ ಕಡತಗಳಿಗೆ ರುಜು ಹಾಕುವವರೂ ಇವರೇ. ತಾವು ನಿಂತ ನೆಲವು ಎಷ್ಟು ಹಳೆಯದು, ಅದರ ಮೇಲೆ ಯಾವ ಯಾವ ಜೀವಿಗಳು ಬಾಳಿ ಅಳಿದುವು ಎಂಬುದನ್ನು ಶಾಲೆಯಲ್ಲಿ ಕೇಳದೆ ಹೋದವರಿಗೆ ಮತ್ತೆಲ್ಲಿ ಅದನ್ನು ಹೇಳಬೇಕು? ಚಲಚ್ಚಿತ್ರಗಳು ಹೇಳುತ್ತವೆ; ಆದರೆ ಅವುಗಳಲ್ಲಿ ಡೈನೋಸಾರುಗಳು ಮನುಷ್ಯರನ್ನು ಅಟ್ಟಿಸಿಕೊಂಡು ಓಡುತ್ತವೆ. ಇವೆರಡರ ನಡುವೆ ಆರು ಕೋಟಿ ವರ್ಷಗಳಿಗೂ ಮಿಕ್ಕ ಅಂತರವಿದೆಯೆಂಬುದನ್ನು ಹೇಳತಕ್ಕವನು ಉಪಾಧ್ಯಾಯನೇ.

ನಮ್ಮ ಪ್ರಾಂತದಲ್ಲಿ ಒಂದು ಆಕ್ಷೇಪಣೆಯುಂಟು. ಕರ್ನಾಟಕದ ನೆಲವು ಬಹುಮಟ್ಟಿಗೆ ಬೆಂದು ಗಟ್ಟಿಯಾದ ಕಲ್ಲು. ಇಲ್ಲಿ ಪಳೆಯುಳಿಕೆಗಳೆಲ್ಲಿ, ಮಕ್ಕಳಿಗೆ ತೋರಿಸುವುದಾದರೂ ಏನನ್ನು ಎಂದು ಕೇಳುತ್ತಾರೆ. ಬೆಂಗಳೂರಿನ ಲಾಲಬಾಗಿನ ಬಂಡೆಯು ಸುಮಾರು 300 ಕೋಟಿ ವರ್ಷಗಳದು. ಭೂಗರ್ಭದ ಶಾಖ ಮತ್ತು ಒತ್ತಡಗಳಲ್ಲಿ ರೂಪುಗೊಂಡ ಆ ಶಿಲೆಯಲ್ಲಿ ಜೀವದ ಗುರುತು ಸಿಕ್ಕದೆಂಬುದು ನಿಜ. ಆದರೆ ಏಕೆ ಸಿಕ್ಕದು ಎಂದು ವಿವರಿಸುವುದೇ ಒಂದು ಉತ್ತಮ ಪಾಠ. ಸತ್ತ ಜೀವಿಯ ಮೇಲೆ ಕೆಸರೋ ಮರಳೋ ಬೇಗನೆ ಮುಚ್ಚಿಕೊಂಡು, ಪದರದ ಮೇಲೆ ಪದರ ಕೂಡಿ, ನೀರಿನಲ್ಲಿ ಕರಗಿದ ಖನಿಜಗಳು ಎಲುಬಿನೊಳಗೆ ಸೇರಿ ಕಲ್ಲಾದರೆ ಮಾತ್ರ ಪಳೆಯುಳಿಕೆಯು ಉಳಿಯುವುದು. ಕೋಟಿಗೊಂದು ಜೀವಿಗೂ ಈ ಭಾಗ್ಯವಿಲ್ಲ.

ಇನ್ನು ನಮ್ಮಲ್ಲಿ ಏನೂ ಇಲ್ಲವೆಂಬುದು ಶುದ್ಧ ತಪ್ಪು. ಚಿತ್ರದುರ್ಗದ ಶಿಲಾಪಟ್ಟಿಯಲ್ಲಿ 250 ಕೋಟಿ ವರ್ಷಗಳಿಗೂ ಹಿಂದಿನ ಸ್ಟ್ರೊಮಟೊಲೈಟ್‌ಗಳಿವೆ. ಬಾಗಲಕೋಟೆಯ ಕಡೆಯ ಕಲಾದಗಿ ಶಿಲಾಸ್ತರಗಳಲ್ಲಿಯೂ ಅವು ಕಾಣುತ್ತವೆ. ಕಣ್ಣಿಗೆ ಕಾಣದ ಸೂಕ್ಷ್ಮಜೀವಿಗಳು ಆಳವಿಲ್ಲದ ನೀರಿನಲ್ಲಿ ಪದರ ಪದರವಾಗಿ ಕಟ್ಟಿದ ಈ ರಚನೆಗಳು ಭೂಮಿಯ ಮೇಲಿನ ಅತಿ ಹಳೆಯ ಜೀವದ ಸಾಕ್ಷಿಗಳ ಗುಂಪಿಗೆ ಸೇರಿದುವು. ಗೋಕಾಕದ ಹತ್ತಿರ ದೊರೆತ ಖಡ್ಗಮೃಗದ ಅಸ್ಥಿಗಳನ್ನು ರಾಬರ್ಟ್ ಬ್ರೂಸ್ ಫೂಟ್ ಅವರು 1874ರಲ್ಲಿ ವರ್ಣಿಸಿ, ದಕ್ಷಿಣಾಪಥದ ಹೆಸರನ್ನೇ ಆ ಪ್ರಾಣಿಗೆ ಇಟ್ಟರು. ಬೆಳಗಾವಿಯ ಸೀಮೆಯಲ್ಲಿ ಖಡ್ಗಮೃಗವೆ! ಅದು ಬದುಕಲು ಎಷ್ಟು ನೀರು, ಎಂತಹ ಹುಲ್ಲು ಬೇಕು, ಅಂದಿನ ಘಟಪ್ರಭೆಯ ದಡವು ಹೇಗಿದ್ದಿರಬೇಕು ಎಂದು ಉಪಾಧ್ಯಾಯನು ಕೇಳಿದರೆ, ತರಗತಿಯಲ್ಲಿ ನಿದ್ರಿಸುವ ಬಾಲಕನೂ ಎದ್ದು ಕುಳಿತಾನು.

ಅಷ್ಟೇಕೆ, ನಮ್ಮ ಎಷ್ಟೋ ಮನೆಗಳ ದೇವರ ಪೆಟ್ಟಿಗೆಯಲ್ಲಿಯೇ ಪಳೆಯುಳಿಕೆಯಿದೆ. ಗಂಡಕೀ ನದಿಯಿಂದ ಬರುವ ಸಾಲಿಗ್ರಾಮಗಳಲ್ಲಿ ಅನೇಕವು ಅಮೊನೈಟ್ ಎಂಬ ಸಮುದ್ರಜೀವಿಯ ಚಿಪ್ಪಿನ ಅಚ್ಚುಗಳು. ಅವುಗಳ ಚಕ್ರವು ಆ ಚಿಪ್ಪಿನ ಸುರುಳಿಯೇ. ಸಮುದ್ರದ ಪ್ರಾಣಿಯು ಹಿಮಾಲಯಕ್ಕೆ ಹೇಗೆ ಏರಿತು? ಇಂದು ಪರ್ವತವಾಗಿರುವ ಆ ಸ್ಥಳವು ಸುಮಾರು 15 ಕೋಟಿ ವರ್ಷಗಳ ಹಿಂದೆ ಟೆಥಿಸ್ ಸಾಗರದ ತಳವಾಗಿದ್ದಿತು. ಭಾರತದ ಭೂಖಂಡವು ಉತ್ತರಕ್ಕೆ ಸರಿದು ಏಷ್ಯಕ್ಕೆ ತಾಗಿದಾಗ ಆ ತಳವು ಮೇಲೆದ್ದಿತು. ಇದನ್ನು ತಿಳಿದವನ ಭಕ್ತಿಗೆ ಕುಂದಿಲ್ಲ. ಕಲ್ಲಿನ ಮೇಲಿನ ಗೌರವವು ಇಮ್ಮಡಿಯಾದೀತು.

ಇಷ್ಟು ದೀರ್ಘವಾದ ಕಾಲವನ್ನು ಮಕ್ಕಳಿಗೆ ಮನಗಾಣಿಸುವುದು ಹೇಗೆ? ಇದಕ್ಕೆ ಯಂತ್ರೋಪಕರಣಗಳೇನೂ ಬೇಡ. ಶಾಲೆಯ ಅಂಗಳದಲ್ಲಿ 46 ಮೀಟರಿನ ಹಗ್ಗವೊಂದನ್ನು ಎಳೆದು ಕಟ್ಟಲಿ. ಒಂದೊಂದು ಮೀಟರೂ ಹತ್ತು ಕೋಟಿ ವರ್ಷ. ಇಡೀ ಹಗ್ಗವು ಭೂಮಿಯ 460 ಕೋಟಿ ವರ್ಷಗಳ ಆಯುಷ್ಯ. ಈ ಕೊನೆಯಲ್ಲಿ ನಿಂತು ಹಿಂದಕ್ಕೆ ಅಳೆದರೆ ಚಿತ್ರದುರ್ಗದ ಸೂಕ್ಷ್ಮಜೀವಿಗಳು 25 ಮೀಟರಿಗೂ ಆಚೆ ನಿಲ್ಲುತ್ತವೆ. ಡೈನೋಸಾರುಗಳು ಅಳಿದುದು 66 ಸೆಂಟಿಮೀಟರಿನಲ್ಲಿ. ನಮ್ಮ ಮಾನವಜಾತಿಯ ಸುಮಾರು ಮೂರು ಲಕ್ಷ ವರ್ಷಗಳು ಕೊನೆಯ ಮೂರು ಮಿಲಿಮೀಟರು! ಅರಸರು, ಯುದ್ಧಗಳು, ಗ್ರಂಥಗಳು ಎಲ್ಲವೂ ಕೂದಲೆಳೆಯ ದಪ್ಪದೊಳಗೆ ಅಡಗುತ್ತವೆ. ಇದನ್ನು ಕಣ್ಣಾರೆ ಕಂಡ ವಿದ್ಯಾರ್ಥಿಯು ಆ ಪಾಠವನ್ನು ಮರೆಯಲಾರನು. ಅಹಂಕಾರವನ್ನಾದರೂ ಸ್ವಲ್ಪ ಮರೆತಾನು.

ಈ ವಿದ್ಯೆಯು ಪರದೇಶದವರ ಸೊತ್ತೆಂದು ಯಾರೂ ತಿಳಿಯಬೇಕಾದುದಿಲ್ಲ. 1828ರಲ್ಲಿ ಜಬ್ಬಲಪುರದಲ್ಲಿ ಸ್ಲೀಮನ್ನನಿಗೆ ದೊರೆತ ಎಲುಬುಗಳಿಗೆ 1877ರಲ್ಲಿ ಟೈಟನೊಸಾರಸ್ ಇಂಡಿಕಸ್ ಎಂದು ಹೆಸರಿಟ್ಟವನು ಲೈಡೆಕ್ಕರ್ ಎಂಬ ಆಂಗ್ಲನು. ಆದರೆ ಗೋದಾವರಿಯ ಕಣಿವೆಯಲ್ಲಿ ದೊರೆತ ಬೃಹತ್ಪ್ರಾಣಿಯನ್ನು ಅಗೆದು ತೆಗೆದು ಕಲಕತ್ತೆಯಲ್ಲಿ ಜೋಡಿಸಿ ನಿಲ್ಲಿಸಿದವರು ನಮ್ಮವರೇ. 1975ರಲ್ಲಿ ಅದಕ್ಕೆ ಬರಪಾಸಾರಸ್ ಟಾಗೋರಿ ಎಂದು ಕವಿ ರವೀಂದ್ರರ ಹೆಸರನ್ನು ಕೊಟ್ಟವರೂ ನಮ್ಮವರೇ. ಆಚಾರ್ಯ ಬೀರಬಲ್ ಸಾಹನಿಯವರು ಲಖನೌದಲ್ಲಿ ಸ್ಥಾಪಿಸಿದ ಪ್ರಾಚೀನ ಸಸ್ಯಶಾಸ್ತ್ರದ ಸಂಸ್ಥೆಗೆ 1949ರ ಏಪ್ರಿಲ್ 3ರಂದು ನೆಹರೂ ಅವರು ಅಸ್ತಿಭಾರದ ಶಿಲೆಯನ್ನಿಟ್ಟರು. ಆ ಶಿಲೆಯಲ್ಲಿಯೇ ಪಳೆಯುಳಿಕೆಗಳನ್ನು ಕೂರಿಸಲಾಗಿತ್ತು. ಒಂದು ವಾರದಲ್ಲಿ ಸಾಹನಿಯವರು ತೀರಿಕೊಂಡರು. ಸಂಸ್ಥೆಯು ಉಳಿದು ಬೆಳೆಯಿತು. ಇಂತಹ ಪರಂಪರೆಯುಳ್ಳ ದೇಶದಲ್ಲಿ ಹತ್ತನೆಯ ತರಗತಿಯ ಮಗುವಿಗೆ ಪಳೆಯುಳಿಕೆಯು ಭಾರವಾಯಿತೆಂದರೆ ನಂಬುವುದು ಕಷ್ಟ.

ಪಳೆಯುಳಿಕೆಯ ಪಾಠದ ನಿಜವಾದ ಪ್ರಯೋಜನವು ಪ್ರಾಣಿಗಳ ಹೆಸರುಗಳನ್ನು ಬಾಯಿಪಾಠ ಮಾಡಿಸುವುದರಲ್ಲಿಲ್ಲ. ಒಂದು ಹಲ್ಲನ್ನು ಕಂಡು ಆಹಾರವನ್ನು ಊಹಿಸುವುದು, ಕೆಳಗಿನ ಪದರವು ಸಾಮಾನ್ಯವಾಗಿ ಮೇಲಿನದಕ್ಕಿಂತ ಹಳೆಯದೆಂದು ತರ್ಕಿಸುವುದು, ಹೊಸ ಸಾಕ್ಷ್ಯ ಬಂದಾಗ ಹಳೆಯ ಊಹೆಯನ್ನು ನಾಚಿಕೆಯಿಲ್ಲದೆ ಬಿಡುವುದು, ಇವೇ ಅದರ ಫಲಗಳು. ಸಾಕ್ಷ್ಯವಿಲ್ಲದೆ ತೀರ್ಪು ಕೊಡಬಾರದೆಂಬ ಅಭ್ಯಾಸವು ಸ್ವತಂತ್ರ ದೇಶದ ಪ್ರಜೆಗೆ ಎಲ್ಲಕ್ಕಿಂತ ಮಿಗಿಲಾಗಿ ಬೇಕು.

ಆದುದರಿಂದ ವಿದ್ಯಾ ಇಲಾಖೆಯವರ ಮುಂದೆ ಕೆಲವು ಸಲಹೆಗಳನ್ನು ಇಡುತ್ತೇವೆ. ಜೀವವಿಕಾಸವೂ ಪಳೆಯುಳಿಕೆಗಳೂ ಹತ್ತನೆಯ ತರಗತಿಯೊಳಗಾಗಿ ಪ್ರತಿಯೊಬ್ಬ ವಿದ್ಯಾರ್ಥಿಗೂ ತಲುಪಬೇಕು. ಉಪಾಧ್ಯಾಯರ ತರಬೇತಿಯಲ್ಲಿ ಇದಕ್ಕೆ ಸ್ಥಾನವಿರಬೇಕು. ಕಲ್ಲು, ಚಿಪ್ಪು, ಅಚ್ಚುಗಳಿರುವ ಸಣ್ಣ ಪೆಟ್ಟಿಗೆಯೊಂದನ್ನು ಪ್ರತಿ ಪ್ರೌಢಶಾಲೆಗೂ ಕೊಡಬೇಕು. ಇದಕ್ಕೆ ತಗಲುವ ವೆಚ್ಚವು ಅಲ್ಪ. ತಮ್ಮ ಜಿಲ್ಲೆಯ ಶಿಲೆಗಳನ್ನು ಕುರಿತು ತಿಳಿಗನ್ನಡದ ಕಿರುಪುಸ್ತಕವು ಮಕ್ಕಳ ಕೈಗೆ ಸಿಗಬೇಕು. ಮತ್ತು ಇಂತಹ ಸ್ಥಳಗಳು ಕಲ್ಲುಗಣಿಯ ಜಲ್ಲಿಯಾಗಿ ಹೋಗದಂತೆ ಜಿಲ್ಲಾಧಿಕಾರಿಗಳು ಎಚ್ಚರವಹಿಸಬೇಕು. ಭೂಪರಂಪರೆಯ ಸ್ಥಳಗಳನ್ನು ರಕ್ಷಿಸಲು ಕೇಂದ್ರ ಸರಕಾರವು 2022ರಲ್ಲಿ ಒಂದು ಮಸೂದೆಯ ಕರಡನ್ನು ಪ್ರಕಟಿಸಿದ್ದಿತು. ಕಾನೂನಿನ ದಾರಿ ನೋಡುತ್ತ ಕುಳಿತರೆ ಜಲ್ಲಿಯ ಯಂತ್ರವು ಕಾಯುವುದಿಲ್ಲ.

ಪುಸ್ತಕದಿಂದ ತೆಗೆದ ಹಾಳೆಯನ್ನು ಮತ್ತೆ ಸೇರಿಸಬಹುದು. ಪುಡಿಯಾದ ಪಳೆಯುಳಿಕೆಯನ್ನು ಮತ್ತೆ ಮಾಡಲಾಗದು. ಹಾಳೆಯನ್ನು ಓದಿದ ಮಕ್ಕಳಿದ್ದರೆ ಮಾತ್ರ ಕಲ್ಲಿಗೆ ಕಾವಲುಗಾರರಿರುತ್ತಾರೆ. ಅಧಿಕಾರಿಗಳೂ ಪೋಷಕರೂ ಇದನ್ನು ಬೇಗನೆ ಮನಗಾಣುವರೆಂದು ನಾವು ಆಶಿಸುತ್ತೇವೆ.