ಸೊಪ್ಪಿನ ಬೆಟ್ಟವೇ ಪಾಠಶಾಲೆಯಾಗಲಿ

ಉತ್ತರ ಕನ್ನಡದ ಘಟ್ಟದ ಮೇಲಿನ ತಾಲ್ಲೂಕುಗಳಲ್ಲಿ ಅಡಿಕೆ ತೋಟದ ಫಲವತ್ತತೆ ನಿಂತಿರುವುದು ಸೊಪ್ಪಿನ ಬೆಟ್ಟದ ಮೇಲೆ. ಒಂದು ಎಕರೆ ತೋಟಕ್ಕೆ ಗರಿಷ್ಠ 9 ಎಕರೆ ಬೆಟ್ಟದಿಂದ ಸೊಪ್ಪು, ದರಕು ತರುವ ಸೌಲಭ್ಯ ಬ್ರಿಟಿಷರ ಕಾಲದಿಂದ ಬಂದಿದೆ. ಆ ಬೆಟ್ಟಗಳಲ್ಲಿ ಹಲವು ಇಂದು ಕರಡವೂ ಸರಿಯಾಗಿ ಬೆಳೆಯದ ಬೋಳುಗುಡ್ಡಗಳಾಗಿವೆ. ಇವುಗಳ ಪುನಶ್ಚೇತನಕ್ಕೆ ರೈತರಿಗೆ ತರಬೇತಿ ನೀಡಬೇಕೆಂಬ ಮಾತಿಗೆ ಯಾರ ವಿರೋಧವೂ ಇಲ್ಲ. ನನ್ನ ತಕರಾರಿರುವುದು ತರಬೇತಿಯ ಸ್ವರೂಪದ ಬಗ್ಗೆ. ಸಭಾಭವನ, ಬ್ಯಾನರು, ಎರಡು ಉಪನ್ಯಾಸ, ಸಿಹಿಯೂಟ, ಕೈಗೊಂದು ಕರಪತ್ರ. ಇಷ್ಟರಿಂದ ಕೊಚ್ಚಿಹೋದ ಮಣ್ಣು ಮರಳಿ ಬಾರದು.

ಬೆಟ್ಟ ಬೋಳಾಗುವ ಬಗೆಯನ್ನು ಕಣ್ಣಾರೆ ಕಾಣಬೇಕು. ಮರದ ತುದಿಯನ್ನೂ ಬಿಡದೆ ವರ್ಷವರ್ಷವೂ ಸೊಪ್ಪು ಸವರಿ, ಅಡಿಯ ದರಕನ್ನೂ ಗುಡಿಸಿ ಒಯ್ದರೆ ಮಳೆಹನಿ ನೇರವಾಗಿ ನೆಲಕ್ಕೆ ಬಡಿಯುತ್ತದೆ. ಮೇಲ್ಮಣ್ಣು ಹಳ್ಳ ಸೇರಿ, ಜಲ್ಲಿಯಂಥ ಕೆಂಗಲ್ಲು ಮಾತ್ರ ಉಳಿಯುತ್ತದೆ. ಬಿಸಿಲಿಗೆ ನೆಲ ಗಟ್ಟಿಯಾಗಿ ನೀರಿಂಗುವುದು ಕುಂಠಿತವಾಗುತ್ತದೆ. ಜುಲೈ ತಿಂಗಳ ಜಡಿಮಳೆಯಲ್ಲಿ ಕೊಪ್ಪೆ ಹೊದ್ದು ಇಳಿಜಾರಿನಲ್ಲಿ ನಿಂತು, ದರಕು ಮುಚ್ಚಿದ ನೆಲದಿಂದ ಇಳಿಯುವ ನೀರಿನ ಬಣ್ಣವನ್ನೂ ಗುಡಿಸಿದ ನೆಲದಿಂದ ಇಳಿಯುವ ನೀರಿನ ಬಣ್ಣವನ್ನೂ ಹೋಲಿಸಿ ನೋಡಿದವರಿಗೆ ಉಪನ್ಯಾಸ ಬೇಕಾಗುವುದಿಲ್ಲ.

1989ರಲ್ಲಿ ಇಂಡೋನೇಷ್ಯಾದ ಭತ್ತದ ಬೆಳೆಗಾರರಿಗಾಗಿ ಆರಂಭವಾದ ಕ್ಷೇತ್ರ ಪಾಠಶಾಲೆಗಳ ಮರ್ಮವೂ ಇದೇ. ಅಲ್ಲಿ ರೈತರು ಒಂದು ಹಂಗಾಮಿನುದ್ದಕ್ಕೂ ವಾರವಾರವೂ ಗದ್ದೆಯಲ್ಲೇ ಸೇರಿ, ಕೀಟಗಳನ್ನೂ ಅವುಗಳನ್ನು ತಿನ್ನುವ ಜೀವಿಗಳನ್ನೂ ತಾವೇ ಎಣಿಸಿ, ಕೀಟನಾಶಕ ಬೇಕೋ ಬೇಡವೋ ಎಂಬುದನ್ನು ತಾವೇ ನಿರ್ಧರಿಸಲು ಕಲಿತರು. ನಮ್ಮ ಬೆಟ್ಟಕ್ಕೆ ವಾರದ ಲೆಕ್ಕ ಹೊಂದದು, ವರ್ಷದ ಲೆಕ್ಕವೇ ಬೇಕು. ಬೇಸಿಗೆಯಲ್ಲಿ ಇಳಿಜಾರಿಗೆ ಅಡ್ಡಲಾಗಿ ಇಂಗುಗುಂಡಿ ತೋಡುವುದು, ಮಳೆ ಹಿಡಿದೊಡನೆ ಮತ್ತಿ, ಹೊನ್ನೆ, ನೇರಳೆ, ಮುರುಗಲು ನೆಡುವುದು, ದೀಪಾವಳಿಯ ನಂತರ ಬದುಕಿದ್ದೆಷ್ಟು ಸತ್ತದ್ದೆಷ್ಟು ಎಂದು ಎಣಿಸುವುದು. ಅಕೇಶಿಯಾ ನೆಟ್ಟು ಹಸಿರು ಕಂಡಿತೆಂದು ಬೀಗುವುದನ್ನು ನಾನಂತೂ ಪುನಶ್ಚೇತನವೆನ್ನಲಾರೆ.

ಅರ್ಧ ಎಕರೆ ತೋಟದವರ ಪ್ರಶ್ನೆ ಸರಳವಾದುದು: ಬೆಟ್ಟಕ್ಕೆ ಬೇಲಿ ಹಾಕಿದರೆ ಈ ವರ್ಷದ ಸೊಪ್ಪು ಎಲ್ಲಿಂದ? ಇದಕ್ಕೆ ಉತ್ತರವಿಲ್ಲದ ತರಬೇತಿ ವ್ಯರ್ಥ. ಬೆಟ್ಟವನ್ನು ಮೂರು ಪಾಲು ಮಾಡಿ, ಸರದಿಯಂತೆ ಒಂದೊಂದು ಪಾಲಿಗೆ ವಿಶ್ರಾಂತಿ ನೀಡಬಹುದು. ಕೊರತೆ ತುಂಬಲು ಬೇಲಿಯಂಚಿನ ಗ್ಲಿರಿಸಿಡಿಯಾ ಇದೆ, ತೋಟದಲ್ಲೇ ಬೀಳುವ ಅಡಿಕೆಯ ಸೋಗೆಯಿದೆ.

ಇನ್ನು ಕರೆಯೋಲೆ ಹೋಗುವುದು ಪಹಣಿಯಲ್ಲಿ ಹೆಸರಿರುವ ಯಜಮಾನರಿಗೆ. ಮರವೇರಿ ಸೊಪ್ಪು ಸವರುವವರು ಅನೇಕ ಕಡೆ ಕೂಲಿಕಾರರು. ದರಕು ಗುಡಿಸುವವರು ಹೆಚ್ಚಾಗಿ ಹೆಂಗಸರು. ತುದಿ ಬಿಟ್ಟು ಸವರುವುದೋ ಪೂರ್ತಿ ಬೋಳಿಸುವುದೋ ಎಂಬುದು ತೀರ್ಮಾನವಾಗುವುದು ಕತ್ತಿ ಹಿಡಿದವರ ಕೈಯಲ್ಲಿ. ಅವರನ್ನು ಕರೆಯಬೇಕು, ಬಂದ ದಿನದ ಕೂಲಿಯನ್ನೂ ಕೊಡಬೇಕು. ಹಣವಿಲ್ಲವೆನ್ನುವ ಸಂಘಟಕರು ಬ್ಯಾನರು, ಶಾಮಿಯಾನಗಳ ಖರ್ಚನ್ನು ಮೊದಲು ಅದಕ್ಕೆ ತಿರುಗಿಸಲಿ.