ಬೆನ್ನುಹುರಿ ಗಾಯ: ಏಳು ದಿನದ ನಂತರ ಯಾರು ಹೊಣೆ?

ಗುಂಡಗುರ್ತಿಯ ಸುತ್ತ ಚಿತ್ತಾಪುರ, ವಾಡಿ, ಶಹಾಬಾದ್, ಸೇಡಂ, ಚಿಂಚೋಳಿ ಅಂತ ಹಬ್ಬಿರುವ ನಮ್ಮ ಸೀಮೆ ನಿಂತಿರೋದೇ ಸಿಮೆಂಟು, ಪರ್ಸಿ ಕಲ್ಲು ಮತ್ತು ತೊಗರಿ ಮೇಲೆ. ಲಾರಿಗಳ ನಡುವೆ ನುಸುಳುವ ಬೈಕು, ಜನ ತುಂಬಿದ ಟಂಟಂ, ಗಣಿಯಲ್ಲಿ ಕಲ್ಲು ಎಬ್ಬಿಸುವ ಕೂಲಿ, ಕಟ್ಟಡದ ಸಾರುವೆ: ಬೆನ್ನು ಮುರಿಯಲು ಇಲ್ಲಿ ದಾರಿಗಳು ಬಹಳ. ಮರುದಿನ ಪತ್ರಿಕೆಯಲ್ಲಿ ‘ಒಬ್ಬನ ಸಾವು, ಇಬ್ಬರಿಗೆ ಗಾಯ’ ಅಂತ ಬರುತ್ತೆ. ಆ ‘ಗಾಯ’ ಮುಂದೇನಾಯ್ತು ಅಂತ ಯಾರೂ ಕೇಳಲ್ಲ. ನಾನು ಇಲ್ಲಿ ಕೇಳಬೇಕು ಅಂದುಕೊಂಡಿರೋದು ಅದನ್ನೇ.

ಮೊದಲು ಗಾಯವನ್ನು ಅರ್ಥ ಮಾಡಿಕೊಳ್ಳೋಣ. ಬೆನ್ನುಮೂಳೆಯ ಎದೆ ಭಾಗದಲ್ಲಿ 12 ಮಣಿಗಳಿವೆ. ಪಕ್ಕೆಲುಬಿನ ಗೂಡು ಅವನ್ನು ಬಿಗಿಯಾಗಿ ಹಿಡಿದಿರುತ್ತೆ, ಹಾಗಾಗಿ ಅಲ್ಲಿ ಮುರಿಯಬೇಕಾದರೆ ಭಾರೀ ಪೆಟ್ಟೇ ಬೀಳಬೇಕು. ಆದರೆ ಹುರಿ ಹಾದುಹೋಗುವ ಕೊಳವೆ ಅಲ್ಲಿ ಕಿರಿದು. ಮೂಳೆ ಜರುಗಿದರೆ ಹುರಿಗೆ ತಪ್ಪಿಸಿಕೊಳ್ಳಲು ಜಾಗವಿಲ್ಲ. ನಾಲ್ಕನೇ ಮಣಿಯ ಮಟ್ಟದಲ್ಲಿ ಹುರಿ ಪೂರ್ತಿ ಕಡಿದರೆ ಎದೆ ತೊಟ್ಟಿನ ಕೆಳಗೆ, ಹತ್ತನೆಯದಾದರೆ ಹೊಕ್ಕುಳ ಕೆಳಗೆ ಸ್ಪರ್ಶವೇ ಗೊತ್ತಾಗಲ್ಲ. ಕಾಲು ನಿಲ್ಲುತ್ತವೆ, ಮೂತ್ರ, ಮಲದ ಹತೋಟಿ ತಪ್ಪುತ್ತೆ. ಗಾಯ ಮೇಲಿದ್ದಷ್ಟೂ ಕೆಮ್ಮಿ ಕಫ ತೆಗೆಯುವ ಶಕ್ತಿ ಕಡಿಮೆ. ಆರನೇ ಮಣಿಗೂ ಮೇಲಾಗಿದ್ದರೆ, ಮೂತ್ರಕೋಶ ತುಂಬಿದ್ದಷ್ಟಕ್ಕೇ ರಕ್ತದೊತ್ತಡ ಜೀವಕ್ಕೆ ಕುತ್ತಾಗುವಷ್ಟು ಏರಬಹುದು.

ಕೈಗಳು ಮಾತ್ರ ಉಳಿಯುತ್ತವೆ. ‘ಸೊಂಟ ಸತ್ತದ, ಇನ್ನೇನದ’ ಅನ್ನುವ ನಮ್ಮ ಜನ ಮರೆಯುವುದು ಇದನ್ನೇ. 1954ರ ಕಾರು ಅಪಘಾತದಲ್ಲಿ ಕಾಲಿನ ಸ್ವಾಧೀನ ಕಳೆದುಕೊಂಡ ಡಾ. ಮೇರಿ ವರ್ಗೀಸ್, ವೆಲ್ಲೂರಿನಲ್ಲಿ ಗಾಲಿಕುರ್ಚಿಯಲ್ಲೇ ಕೂತು ಕುಷ್ಠರೋಗಿಗಳ ಕೈಗೆ ಶಸ್ತ್ರಚಿಕಿತ್ಸೆ ಮಾಡಿದರು. ಇಂಗ್ಲೆಂಡಿನ ಸ್ಟೋಕ್ ಮ್ಯಾಂಡೆವಿಲ್ ಆಸ್ಪತ್ರೆಯಲ್ಲಿ 1944ರಿಂದ ಡಾ. ಲುಡ್ವಿಗ್ ಗುಟ್‌ಮನ್ ಬದಲಿಸಿದ್ದೂ ದೊಡ್ಡ ಯಂತ್ರದಿಂದಲ್ಲ. ಎರಡು ತಾಸಿಗೊಮ್ಮೆ ರೋಗಿಯನ್ನು ಮಗ್ಗುಲು ಬದಲಿಸಿದರು, ಮೂತ್ರದ ಸೋಂಕು ತಡೆದರು, ಕೆಲಸ ಕಲಿಸಿದರು, ಆಟಕ್ಕೆ ಇಳಿಸಿದರು. ಪ್ಯಾರಾಲಿಂಪಿಕ್ಸ್ ಹುಟ್ಟಿದ್ದು ಅಲ್ಲಿಂದಲೇ. ಯಾಕಂದ್ರೆ ಈ ಜನರನ್ನು ಕೊಲ್ಲುತ್ತಿದ್ದದ್ದು ಹೆಚ್ಚಾಗಿ ಮುರಿದ ಮೂಳೆಯಲ್ಲ. ಮಲಗಿದಲ್ಲೇ ಆಗುವ ಹುಣ್ಣು ಮತ್ತು ಮೂತ್ರದ ಸೋಂಕು. ಎರಡನ್ನೂ ಕಡಿಮೆ ಖರ್ಚಿನಲ್ಲಿ ತಡೆಯಬಹುದು.

ಈಗ ನಮ್ಮ ವ್ಯವಸ್ಥೆ ನೋಡಿ. ರಸ್ತೆ ಅಪಘಾತದ ಗಾಯಾಳುಗಳಿಗೆ ಕೇಂದ್ರ 2025ರ ಮೇ ತಿಂಗಳಲ್ಲಿ ನಗದುರಹಿತ ಚಿಕಿತ್ಸೆ ಯೋಜನೆ ತಂದಿತು: 1.5 ಲಕ್ಷ ರೂ. ವರೆಗೆ, 7 ದಿನ. ಒಳ್ಳೆಯದೇ, ಜೀವ ಉಳಿಯುತ್ತೆ. ಆದರೆ ಬೆನ್ನುಹುರಿ ಗಾಯದ ನಿಜವಾದ ಲೆಕ್ಕ ಶುರುವಾಗೋದು ಎಂಟನೇ ದಿನ. ಕ್ಯಾತಿಟರ್ ಹಾಕಿಕೊಳ್ಳುವುದನ್ನು ಕಲಿಸುವವರು ಯಾರು? ಅಳತೆಗೆ ಸರಿಯಾದ ಗಾಲಿಕುರ್ಚಿ ಎಲ್ಲಿ? ಹೊಸ್ತಿಲು ದಾಟದ ಕುರ್ಚಿ ಇಟ್ಟುಕೊಂಡು ಏನ್ ಮಾಡೋದು? ಬೆಂಗಳೂರಿನಲ್ಲಿ ನಿಮ್ಹಾನ್ಸ್ ಇದೆ, 1959ರಲ್ಲಿ ಶುರುವಾದ ಎಪಿಡಿ ಸಂಸ್ಥೆ ಇದೆ. ಗುಂಡಗುರ್ತಿಯ ಕೂಲಿಯವನಿಗೆ ಬೆಂಗಳೂರು ರಾತ್ರಿಯಿಡೀ ರೈಲಿನ ದಾರಿ. ಅಷ್ಟು ಹೊತ್ತು ಕುಳಿತಲ್ಲೇ ಕುಳಿತರೆ ಹುಣ್ಣಾಗುವ ದೇಹ ಅವನದು.

ದುಡಿಯುವ ಜಾಗದಲ್ಲಿ ಬಿದ್ದವರ ಪಾಡು ಇನ್ನೊಂದು. ‘ಅವ ನಮ್ಮ ಕಾರ್ಮಿಕ ಅಲ್ಲ, ಗುತ್ತಿಗೆದಾರನ ಕಡೆಯವ’ ಅಂತ ಕೈತೊಳೆದುಕೊಳ್ಳೋದು ಸುಲಭ. ಆದರೆ ತನ್ನ ಕಸುಬಿನ ಕೆಲಸವನ್ನು ಗುತ್ತಿಗೆಗೆ ಕೊಟ್ಟ ಮಾಲೀಕನೂ ಪರಿಹಾರಕ್ಕೆ ಹೊಣೆ ಅನ್ನುವ ತತ್ವ 1923ರ ಕಾಯ್ದೆಯಲ್ಲೇ ಇತ್ತು; 2020ರ ಸಾಮಾಜಿಕ ಭದ್ರತಾ ಸಂಹಿತೆಯಲ್ಲೂ ಇದೆ. ಇದು ಗಣಿಯಲ್ಲಿ ದುಡಿಯುವ ಪ್ರತಿ ಮನೆಗೂ ಗೊತ್ತಿರಬೇಕು.

ಪೆಟ್ಟೇ ಬೀಳದೆ ಹುರಿ ಸಾಯುವ ದಾರಿಯೂ ಒಂದಿದೆ: ಬೆನ್ನುಮೂಳೆಯ ಕ್ಷಯ. ಅದು ಹೆಚ್ಚಾಗಿ ಎದೆ ಭಾಗ ಮತ್ತು ಅದರ ಕೆಳಗಿನ ಮಣಿಗಳನ್ನೇ ಹಿಡಿಯುತ್ತೆ. ವಾರಗಟ್ಟಲೆ ಬಿಡದ ಬೆನ್ನುನೋವು, ಸಂಜೆ ಜ್ವರ, ತೂಕ ಇಳಿಕೆ. ಆಮೇಲೆ ಕಾಲಲ್ಲಿ ಬಲವಿಲ್ಲ. ಮುಲಾಮು ಹಚ್ಚುತ್ತಾ ತಿಂಗಳು ಕಳೆದರೆ ಕೀವು ಹುರಿಯನ್ನು ಒತ್ತಿಬಿಡುತ್ತೆ. ಬೇಗ ಗುರುತಿಸಿದರೆ ಎಷ್ಟೋ ಜನ ಮತ್ತೆ ನಡೆಯುತ್ತಾರೆ. ಔಷಧಿ ಸರ್ಕಾರದಲ್ಲಿ ಉಚಿತ; ಚಿಕಿತ್ಸೆ ಮುಗಿಯುವವರೆಗೆ ಪೌಷ್ಟಿಕ ಆಹಾರಕ್ಕೆ ತಿಂಗಳಿಗೆ 1,000 ರೂ. ಕೂಡ ಸಿಗುತ್ತೆ.

371(ಜೆ) ಬಂದಾಗ ಹಿಂದುಳಿದಿರುವಿಕೆ ಸರಿಪಡಿಸ್ತೀವಿ ಅಂದರು. ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಗೆ ಬಜೆಟ್‌ನಲ್ಲಿ 5,000 ಕೋಟಿ ರೂ. ಘೋಷಣೆಯಾಗುತ್ತೆ. ಅದರಲ್ಲಿ ರಸ್ತೆ ಕೇಳುವ ನಾವು, ಆ ರಸ್ತೆಯಲ್ಲಿ ಬಿದ್ದವರಿಗಾಗಿ ಏನು ಕೇಳಿದ್ದೇವೆ? ಕಲಬುರಗಿಯಲ್ಲಿ ಸುಸಜ್ಜಿತ ಬೆನ್ನುಹುರಿ ಪುನಶ್ಚೇತನ ಕೇಂದ್ರ, ಪ್ರತಿ ತಾಲ್ಲೂಕು ಆಸ್ಪತ್ರೆಯಲ್ಲಿ ತರಬೇತಿ ಪಡೆದ ಫಿಸಿಯೊಥೆರಪಿಸ್ಟ್, ಮನೆ ಬಾಗಿಲಿಗೆ ಬಂದು ಹುಣ್ಣು ನೋಡುವ ಆರೋಗ್ಯ ಕಾರ್ಯಕರ್ತೆ: ಈ ಮೂರೂ ಸಿಮೆಂಟು ಬೇಡದ, ಆದರೆ ಇಚ್ಛಾಶಕ್ತಿ ಬೇಡುವ ಕೆಲಸಗಳು. ಮುಂದಿನ ಸಲ ಓಟು ಕೇಳಲು ಬಂದವರ ಮುಂದೆ ರಸ್ತೆ, ಚರಂಡಿ ಜೊತೆಗೆ ಎಂಟನೇ ದಿನದ ಪ್ರಶ್ನೆಯನ್ನೂ ಇಡಿ.