ಸ್ಟೇರಿಂಗ್ ಮೇಲೆ ಸುತ್ತಿಗೆ ಯಾಕ್ರೀ?

ಹಳಿಯಾಳ, ಮುಂಡಗೋಡ ಕಡೆ ಹಳೇ ಟ್ರ್ಯಾಕ್ಟರಿನ ಸ್ಟೇರಿಂಗ್ ಕಳಚಿ ಬರಲಿಲ್ಲ ಅಂದ್ರೆ ಮೊದಲು ಕೈಗೆ ಬರೋದೇ ಸುತ್ತಿಗೆ. ಇದಕ್ಕೆ ರಿಪೇರಿ ಅಂತೀರಾ? ಹಿಡಿದಿರೋದು ಶಾಫ್ಟಿನ ಹಲ್ಲುಗಳ ನಡುವಿನ ತುಕ್ಕು. ಶಾಫ್ಟಿನ ತಲೆಗೆ ಬಡಿದ್ರೆ ಥ್ರೆಡ್ ಹಾಳು, ಪೆಟ್ಟು ನೇರ ಕೆಳಗಿನ ಸ್ಟೇರಿಂಗ್ ಬಾಕ್ಸಿಗೆ. ನಾಳೆ ಅದೇ ಗಾಡಿಗೆ ಕಬ್ಬಿನ ಟ್ರೇಲರ್ ಕಟ್ಟಿ ಇಳಿಜಾರು ಇಳಿಯೋರು ನಾವೇ!

ತುಕ್ಕು ಬಿಡಿಸೋ ಎಣ್ಣೆ ಹಾಕಿ ಒಂದು ರಾತ್ರಿ ಬಿಡಿ. ನಟ್ ಪೂರ್ತಿ ತೆಗೀಬೇಡಿ, ಎರಡು ಸುತ್ತು ಸಡಿಲ ಮಾಡಿ ಸಾಕು; ಚಕ್ರ ಒಮ್ಮೆಲೇ ಜಿಗಿದು ಮುಖಕ್ಕೆ ಬಡಿಯಲ್ಲ. ಆಮೇಲೆ ಪುಲ್ಲರ್ ಹಾಕಿ ನಿಧಾನ ಬಿಗೀರಿ.

‘ಪುಲ್ಲರ್ ಎಲ್ಲಿದೆ?’ ಅಂತೀರಿ. ಸರಿಯಾದ ಪ್ರಶ್ನೆ. ಟ್ರ್ಯಾಕ್ಟರನ್ನೇ ಬಾಡಿಗೆ ಕೊಡೋ ಕೃಷಿ ಯಂತ್ರಧಾರೆ ಕೇಂದ್ರಗಳಲ್ಲಿ ಒಂದು ಪುಲ್ಲರೂ ಬಾಡಿಗೆಗೆ ಇರಲಿ. ಮುಂದಿನ ಗ್ರಾಮಸಭೆಯಲ್ಲಿ ಎದ್ದು ನಿಂತು ಕೇಳ್ರಿ.